ತಿಂಗಳಿಗೆ ಒಂದು ಚೀಲ ತುಂಬ ಪ್ಲಾಸ್ಟಿಕ್! ನಮ್ಮ ಕಲಬುರಗಿ ಮನೆಗಳಲ್ಲಿ ಇದನ್ನು ಕಡಿಮೆ ಮಾಡೋದು ಹೇಗೆ?

ಜೋಳದರೊಟ್ಟಿ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಇರುತ್ತೇವೆ. ಬಾಡಿಗೆ ಮನೆ, ಮೊದಲ ಮಹಡಿ. ನಾನು, ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳು. ಹೋದ ತಿಂಗಳು ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಮೂವತ್ತು ದಿನ ಮನೆಗೆ ಬಂದ ಪ್ಲಾಸ್ಟಿಕ್ ಒಂದನ್ನೂ ಹೊರಗೆ ಹಾಕಬಾರದು, ಕೂಡಿಟ್ಟು ಎಣಿಸಬೇಕು ಅಂತ. ಅಡುಗೆಮನೆ ಬಾಗಿಲ ಹಿಂದೆ ಒಂದು ಖಾಲಿ ಜೋಳದ ಚೀಲ ನೇತುಹಾಕಿದೆವು. ತಳ ಮುಚ್ಚಿದರೆ ಹೆಚ್ಚು ಅಂತ ನಾನು ಅಂದುಕೊಂಡಿದ್ದೆ. ಮೂವತ್ತನೇ ದಿನ ಪಡಸಾಲೆಯಲ್ಲಿ ಸುರಿದರೆ ಫ್ಯಾನ್ ಗಾಳಿಗೆ ಮನೆ ತುಂಬ ಹಾರಾಡಿತು, ಫ್ಯಾನ್ ಬಂದ್ ಮಾಡಿ ಸೆಖೆಯಲ್ಲೇ ಕೂತು ಎಣಿಸಿದೆವು.

ಕ್ಯಾರಿಬ್ಯಾಗ್ 71, ಹಾಲಿನ ಪ್ಯಾಕೆಟ್ 60, ಬಿಸ್ಕತ್ತು ಚಿಪ್ಸ್ ಕವರ್ 43, ಶಾಂಪೂ ಪುಡಿಕೆ 22, ಹೋಟೆಲ್ ಸಾಂಬಾರ್ ಚಟ್ನಿ ಕಟ್ಟಿಕೊಟ್ಟ ಕವರ್ 16, ನೀರಿನ ಬಾಟಲಿ 9. ಉಳಿದದ್ದು ಬೇಳೆ, ರವೆ, ಎಣ್ಣೆ ಪ್ಯಾಕೆಟ್, ಗುಳಿಗೆ ಚೀಟಿ ಅದೂ ಇದೂ. ಅತ್ತೆ ಚಹಾ ಬಸಿ ಕೈಯಲ್ಲಿ ಹಿಡಿದು ನೋಡ್ತಾ "ಇಷ್ಟೂ ನಮ್ಮ ಮನ್ಯಾಗಿಂದೇ ಏನು?" ಅಂತ ಎರಡು ಸಲ ಕೇಳಿದರು.

ನಾನೇನು ಸುಮ್ನೆ ಕೂತಿಲ್ಲ. ಬಟ್ಟೆ ಚೀಲ ಮೂರು ಇವೆ, ಮೂರೂ ಮನೆಯಲ್ಲೇ ಇರುತ್ತವೆ. ನಮ್ಮ ಮನೆಯವರು ಆಫೀಸಿಂದ ಬರ್ತಾ ಸೂಪರ್ ಮಾರ್ಕೆಟ್‌ನಲ್ಲಿ ಬೈಕ್ ನಿಲ್ಲಿಸಿ ಟೊಮೆಟೊ ಒಂದರಲ್ಲಿ, ಮೆಣಸಿನಕಾಯಿ ಒಂದರಲ್ಲಿ, ಕೊತ್ತಂಬರಿ ಒಂದರಲ್ಲಿ, ಎಲ್ಲ ಸೇರಿಸಿ ಇನ್ನೊಂದರಲ್ಲಿ ಹಾಕಿಕೊಂಡು ಬರುತ್ತಾರೆ. ಹಸಿ ಕಸ ಗೊಬ್ಬರ ಮಾಡೋಣ ಅಂತ ಬಕೆಟ್‌ನಲ್ಲಿ ಸಿಪ್ಪೆ ತುಂಬಿಟ್ಟೆ. ಹತ್ತು ದಿನಕ್ಕೆ ಹುಳ ಬಿದ್ದು, ವಾಸನೆ ಮೆಟ್ಟಿಲವರೆಗೂ ಬಂತು. ಕೆಳಗಿನ ಮನೆಯವರು ಮಾತಾಡೋದಕ್ಕೆ ಮೊದಲೇ ಅತ್ತೆ ಅದನ್ನು ಎತ್ತಿ ಹೊರಗೆ ಹಾಕಿದರು.

ವಿಡಿಯೋಗಳಲ್ಲಿ ಬಿದಿರಿನ ಬ್ರಷ್ಷು, ಸಾಲಾಗಿ ಗಾಜಿನ ಜಾಡಿ, ಇದನ್ನೇ ತೋರಿಸುತ್ತಾರೆ. ಅದಕ್ಕೆಲ್ಲ ದುಡ್ಡು ಹಾಕೋ ಮನೆ ನಮ್ಮದಲ್ಲ. ನಮ್ಮ ಊರಲ್ಲಿ, ಈ ಬಿಸಿಲಲ್ಲಿ, ಇದ್ದ ಸಾಮಾನಿನಲ್ಲೇ ಆಗೋ ಮಾತು ಹೇಳಿ. ಎಲ್ಲಿಂದ ಶುರು ಮಾಡಲಿ?

ಗಂಜ್‌ಹುಡುಗ

ಅಕ್ಕಾ, ನಮ್ಮದು ಕಿರಾಣಿ ಅಂಗಡಿ, ಅಪ್ಪನ ಕಾಲದ್ದು. ಕಾಟಾದ ಈ ಕಡೆ ಕೂತವನು ಏನು ನೋಡುತ್ತಾನೆ ಅಂತ ಹೇಳುತ್ತೇನೆ.

ಚೀಲ ತಂದವರೂ ಕ್ಯಾರಿಬ್ಯಾಗ್ ಒಯ್ಯುತ್ತಾರೆ. ಯಾಕೆ ಗೊತ್ತಾ? ಚೀಲವನ್ನು ತಡವಾಗಿ ತೆಗೆಯುತ್ತಾರೆ. ಗಿರಾಕಿ "ಅರ್ಧ ಕಿಲೋ ಸಕ್ಕರೆ" ಅನ್ನೋದರೊಳಗೆ ನನ್ನ ಎಡಗೈ ಮೊಳೆಗೆ ನೇತುಹಾಕಿದ ಕ್ಯಾರಿಬ್ಯಾಗ್ ಕಟ್ಟಿನಿಂದ ಒಂದು ಕಿತ್ತು, ಹೆಬ್ಬೆರಳಿಂದ ಉಜ್ಜಿ ಬಾಯಿ ಬಿಡಿಸಿ, ಕಾಟಾದ ಮೇಲೆ ಇಟ್ಟಾಗಿರುತ್ತೆ. ಕಣ್ಣು ಅದನ್ನು ನೋಡೋದೂ ಇಲ್ಲ. ಆಮೇಲೆ ಅವರು ಕಂಕುಳಿಂದ ಚೀಲ ತೆಗೆದು ಆ ಕ್ಯಾರಿಬ್ಯಾಗ್ ಸಮೇತ ಒಳಗೆ ಇಟ್ಟುಕೊಂಡು ಹೋಗುತ್ತಾರೆ. ಕಾಯಿಪಲ್ಲೆಯವರದೂ ಇದೇ ಕಥೆ. ತಕ್ಕಡಿ ತಟ್ಟೆಯಿಂದ ಕವರಿಗೆ ಸುರಿಯೋದು ಒಂದೇ ಬೀಸು. ಹಾಗಾಗಿ ರೇಟು ಕೇಳೋದಕ್ಕಿಂತ ಮೊದಲು ಚೀಲದ ಬಾಯಿ ತೆರೆದು ಅವರ ಮುಂದೆ ಹಿಡಿಯಿರಿ. ಮಾತೇ ಬೇಕಾಗಿಲ್ಲ. ಮೂರು ನಾಲ್ಕು ಕಾಯಿಪಲ್ಲೆ ಒಂದೇ ಚೀಲದಲ್ಲಿ ಕಲಸಿದರೆ ಏನೂ ಆಗಲ್ಲ, ಮನೆಗೆ ಹೋಗಿ ಮೊರದಲ್ಲಿ ಸುರಿದರೆ ಎರಡು ನಿಮಿಷದ ಕೆಲಸ. ಟೊಮೆಟೊ ಮಾತ್ರ ಕೊನೆಗೆ ತಗೊಳ್ಳಿ.

ಸಕ್ಕರೆ, ರವೆ, ಹಿಟ್ಟಿಗೆ ಡಬ್ಬಿ ತನ್ನಿ. ಡಬ್ಬಿ ಕಾಟಾದ ಮೇಲಿಟ್ಟು "ಸೊನ್ನೆ ಮಾಡ್ರಿ" ಅನ್ನಿ. ಈಗಿನ ಕರೆಂಟ್ ಕಾಟಾದಲ್ಲಿ ಒಂದು ಬಟನ್ ಒತ್ತಿದರೆ ಡಬ್ಬಿ ತೂಕ ಹೋಗುತ್ತೆ. ನಮಗೇನೂ ತೊಂದರೆ ಇಲ್ಲ, ಕವರಿನ ಖರ್ಚು ನಮ್ಮದೇ ಅಲ್ವಾ? ಕವರನ್ನು ನಾವು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ. ಕೊಡಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನೋ ಹೆದರಿಕೆಗೆ ಇಡುತ್ತೇವೆ, ಅಷ್ಟೇ.

ಕಾಯ್ದೆ ಮಾತು ಬಂದರೆ, ಕರ್ನಾಟಕದಲ್ಲಿ ಕ್ಯಾರಿಬ್ಯಾಗ್ ನಿಷೇಧ ಆಗಿದ್ದು 2016ರಲ್ಲೇ. ಆಮೇಲೆ ದೇಶಕ್ಕೆಲ್ಲ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ಎಲ್ಲ ಬಂದ್. ಕೇಂದ್ರದ ನಿಯಮದಲ್ಲಿ ಕ್ಯಾರಿಬ್ಯಾಗ್ ದಪ್ಪ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ಕಡಿಮೆ ಇರಬಾರದು ಅಂತಿದೆ. ದಪ್ಪ ಯಾಕೆ ಅಂದರೆ ದಪ್ಪ ಇದ್ದದ್ದಕ್ಕೆ ತೂಕ ಬರುತ್ತೆ, ಆರಿಸೋರು ಎತ್ತಿಕೊಳ್ಳುತ್ತಾರೆ. ತೆಳುವಾದದ್ದು ಒಂದು ಕಿಲೋ ಆಗಬೇಕಾದರೆ ನೂರಾರು ಆರಿಸಬೇಕು, ಯಾರು ಬಗ್ಗುತ್ತಾರೆ? ಅದೇ ಗಾಳಿಗೆ ಹಾರಿ ಚರಂಡಿಗೆ ಬೀಳೋದು.

ಇನ್ನೊಂದು ಮಾತು. ಬಟ್ಟೆ ಅಂಗಡಿ, ಮಿಠಾಯಿ ಅಂಗಡಿಯವರು ಕೊಡೋ ಬಣ್ಣ ಬಣ್ಣದ, ಬಟ್ಟೆ ಥರ ಕಾಣೋ ಚೀಲ ಇದೆಯಲ್ಲ, ಅದು ಬಟ್ಟೆ ಅಲ್ಲ. ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಒಂದು ಚೂರು ಕತ್ತರಿಸಿ ಕಡ್ಡಿ ಗೀರಿ ನೋಡಿ. ಹತ್ತಿ ಆದರೆ ಬೂದಿ ಆಗುತ್ತೆ, ಇದು ಕರಗಿ ಮಣಿ ಕಟ್ಟುತ್ತೆ. ಎಸೆಯಬೇಡಿ, ಹರಿಯೋವರೆಗೂ ಬಳಸಿ. ಆದರೆ ಪ್ಲಾಸ್ಟಿಕ್ ಬಿಟ್ಟೆವು ಅಂದುಕೊಂಡು ಇನ್ನೂ ಹತ್ತು ತರಬೇಡಿ.

ಬೇಳೆ ಮಾತು ಮರೆತೆ. ತೊಗರಿ ಊರಲ್ಲಿ ಕೂತು ಒಂದೊಂದು ಕಿಲೋ ಪ್ಯಾಕೆಟ್ ಬೇಳೆ ಯಾಕೆ? ಸುಗ್ಗಿ ಮುಗಿದ ಮೇಲೆ, ಜನವರಿ ಫೆಬ್ರವರಿ ಹೊತ್ತಿಗೆ, ವರ್ಷದ ಬೇಳೆ ಒಂದೇ ಗೋಣಿಚೀಲದಲ್ಲಿ ಒಯ್ಯಿರಿ. ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಸೇರಿಸಿ ಡಬ್ಬಿಗೆ ತುಂಬಿ. 30 ಕಿಲೋ ಅಂದರೆ 30 ಪ್ಯಾಕೆಟ್ ಹೋಯಿತು. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಗಾಣದವರ ಹತ್ತಿರ ಸಿಗುತ್ತೆ, ಸ್ಟೀಲ್ ಕ್ಯಾನ್ ಒಯ್ದರೆ ಅಳೆದು ಹಾಕುತ್ತಾರೆ. ರೇಟು ಪ್ಯಾಕೆಟ್ ಎಣ್ಣೆಗಿಂತ ಜಾಸ್ತಿ, ಸುಳ್ಳು ಹೇಳಲ್ಲ.

ಹಳೇಗುಲ್ಬರ್ಗ

ಓದೋದಕ್ಕೆ ಚಂದ. ಆದರೆ ನಮ್ಮ ಓಣಿಗೆ ಬರೋ ಕಸದ ಗಾಡಿ ನೋಡಿದ್ದೀರಾ? ಒಂದು ಕಡೆ ಹಸಿರು, ಒಂದು ಕಡೆ ನೀಲಿ ಬಣ್ಣ ಬಳಿದಿದ್ದಾರೆ. ನಾನು ಆರು ತಿಂಗಳು ಹಸಿ ಬೇರೆ ಒಣ ಬೇರೆ ಮಾಡಿ ಕೊಟ್ಟೆ. ಗಾಡಿಯ ಹುಡುಗ ನನ್ನ ಕಣ್ಣೆದುರೇ ಎರಡೂ ಬಕೆಟ್ ಒಂದೇ ಕಡೆ ಬೋರಲು ಹಾಕಿ, ಖಾಲಿ ಬಕೆಟ್ ನನ್ನ ಕೈಗೆ ಕೊಟ್ಟು ಸೀಟಿ ಹಾಕಿಕೊಂಡು ಹೋದ. ಅವತ್ತಿಂದ ಬಿಟ್ಟೆ.

ಮನೆಯಲ್ಲಿ ನೀವು ಒಂದು ಕವರ್ ಉಳಿಸುತ್ತೀರಿ. ಒಂದು ಮದುವೆ ಛತ್ರದ ಹಿಂದೆ ಹೋಗಿ ನೋಡಿ, ಅಂಗೈಯಷ್ಟು ನೀರಿನ ಬಾಟಲಿ ಗುಡ್ಡ ಬಿದ್ದಿರುತ್ತೆ, ಅರ್ಧಕ್ಕರ್ಧ ಬಾಟಲಿಯಲ್ಲಿ ನೀರು ಹಾಗೇ ಇರುತ್ತೆ. ಕಂಪನಿಯವರು ಒಂದು ರೂಪಾಯಿಗೆ ಶಾಂಪೂ, ಐದು ರೂಪಾಯಿಗೆ ಚಿಪ್ಸ್ ಮಾಡಿ ಹಳ್ಳಿ ಹಳ್ಳಿಗೆ ತುಂಬುತ್ತಾರೆ. ಅದನ್ನು ಕೇಳೋರಿಲ್ಲ, ನಾವು ಸಾಂಬಾರಿಗೆ ಡಬ್ಬಿ ಹೊತ್ತುಕೊಂಡು ಅಡ್ಡಾಡಬೇಕು. ಅಕ್ಕ ಬೇಜಾರು ಮಾಡ್ಕೋಬೇಡಿ, ನಿಮ್ಮ ಮೇಲೆ ಸಿಟ್ಟಲ್ಲ.

ಕೆಂಪುಮಣ್ಣು

ಹಳೇಗುಲ್ಬರ್ಗ ಅವರೇ, ಗಾಡಿಯಲ್ಲಿ ಕಲಸುತ್ತಾರೆ ಅನ್ನೋದು ನಿಜವೇ ಇರಬಹುದು. ಅದಕ್ಕೇ ನಾನು ಗಾಡಿಗೆ ಕೊಡೋದನ್ನೇ ಕಡಿಮೆ ಮಾಡಿದೆ. ಹಸಿ ಕಸ ಮನೆ ಬಿಟ್ಟು ಹೋಗಲ್ಲ. ಒಣಗಿದ್ದು, ತೊಳೆದದ್ದು ರದ್ದಿಯವನಿಗೆ ಹೋಗುತ್ತೆ. ಉಳಿಯೋದು ಚಿಪ್ಸ್ ಕವರ್, ಡೈಪರ್ ಅಂಥದ್ದು, ವಾರಕ್ಕೆ ಒಂದು ಪುಟ್ಟ ಬುಟ್ಟಿ. ಅದನ್ನು ಅವನು ಯಾವ ಕಡೆ ಹಾಕಿದರೂ ಕಲಸೋದಕ್ಕೆ ಏನೂ ಇಲ್ಲ.

ಜೋಳದರೊಟ್ಟಿ ಅಕ್ಕಾ, ನಾನು ಬೀದರಿನವಳು. ನಿಮ್ಮ ಬಕೆಟ್ ಯಾಕೆ ನಾರಿತು ಅಂದರೆ ಬರೀ ಸಿಪ್ಪೆ ತುಂಬಿದಿರಿ. ಕಾಯಿಪಲ್ಲೆ ಸಿಪ್ಪೆಯಲ್ಲಿ ಇರೋದು ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಆ ನೀರು ತಳಕ್ಕೆ ಇಳಿದು ನಿಂತು, ಗಾಳಿ ಆಡದೆ ಕೊಳೆಯಿತು. ಗೊಬ್ಬರ ಆಗೋದು ಬೇರೆ, ಕೊಳೆಯೋದು ಬೇರೆ. ಗಾಳಿ ಬೇಕು, ಒಣಗಿದ್ದು ಏನಾದರೂ ಬೇಕು.

ನಾನು ಮಾಡೋದು ಹೀಗೆ. ಹಳೇ ಪೇಂಟ್ ಡಬ್ಬಿ, 20 ಲೀಟರಿನದು, ಎರಡು. ಕಬ್ಬಿಣದ ಸರಳು ಕಾಯಿಸಿ ಸುತ್ತಲೂ ತೂತು ಹೊಡೆದೆ, ತಳದಲ್ಲೂ ನಾಲ್ಕೈದು. ಕೆಳಗೆ ಎರಡು ಇಟ್ಟಿಗೆ, ನಡುವೆ ಒಂದು ತಟ್ಟೆ. ಮೊದಲು ನಾಲ್ಕು ಬೆರಳು ದಪ್ಪ ಒಣ ಬೇವಿನೆಲೆ. ಆಮೇಲೆ ದಿನಾ ಒಂದು ಬೊಗಸೆ ಸಿಪ್ಪೆ ಹಾಕಿದರೆ ಎರಡು ಬೊಗಸೆ ಒಣಗಿದ್ದು. ಒಣಗಿದ್ದು ಅಂದರೆ ಪೇಟೆಯಲ್ಲಿ ಮಾರೋ ತೆಂಗಿನ ನಾರಿನ ಪುಡಿನೇ ಬೇಕಂತಿಲ್ಲ. ನಮ್ಮ ಕಡೆ ತೊಗರಿ ಹೊಟ್ಟು, ಶೇಂಗಾ ಸಿಪ್ಪೆ, ಬಡಿಗೇರ ಅಂಗಡಿ ಪುಡಿ, ಒಣ ಎಲೆ, ಎಷ್ಟು ಬೇಕಷ್ಟು. ಶೇಂಗಾ ಸಿಪ್ಪೆಯನ್ನು ಕಾಲಲ್ಲಿ ತುಳಿದು ಪುಡಿ ಮಾಡಿ ಹಾಕಿ, ಇಲ್ಲ ಅಂದರೆ ವರ್ಷ ಆದರೂ ಹಾಗೇ ಇರುತ್ತೆ. ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ವಾರಕ್ಕೆ ಎರಡು ಸಲ ಕೋಲಲ್ಲಿ ತಿರುವಿ.

ಹದ ನೋಡೋದು ಹಿಟ್ಟಿನ ಹಾಗೆ. ಒಂದು ಹಿಡಿ ತೆಗೆದು ಹಿಚುಕಿ. ನೀರು ಇಳಿದರೆ ಹಸಿ ಜಾಸ್ತಿ, ಇನ್ನಷ್ಟು ಎಲೆ ಹಾಕಿ. ಉಂಡೆ ಕಟ್ಟದೆ ಉದುರಿದರೆ ಒಣಗಿದೆ, ಅಕ್ಕಿ ತೊಳೆದ ನೀರು ಚಿಮುಕಿಸಿ. ನಿಮ್ಮ ಕಲಬುರಗಿಯಲ್ಲಿ ಮೇ ತಿಂಗಳು 43 ಡಿಗ್ರಿ ಆದಾಗ ಸಮಸ್ಯೆ ವಾಸನೆಯದ್ದಲ್ಲ, ಒಣಗೋದು. ಒಣಗಿದರೆ ಗೊಬ್ಬರ ಆಗೋದು ನಿಂತುಬಿಡುತ್ತೆ. ನೆರಳಲ್ಲಿ ಇಡಿ, ಮೇಲೆ ಒದ್ದೆ ಗೋಣಿ ಹೊದಿಸಿ.

ಹುಳದ ಮಾತು. ದಪ್ಪಗೆ, ಬೂದು ಕಂದು ಬಣ್ಣದ ಹುಳ ಆದರೆ ಅದು ಮನೆ ನೊಣದ್ದಲ್ಲ, ಬ್ಲ್ಯಾಕ್ ಸೋಲ್ಜರ್ ಅನ್ನೋ ನೊಣದ ಮರಿ. ಕಚ್ಚಲ್ಲ, ರೋಗ ತರಲ್ಲ, ಕಸವನ್ನು ನಮಗಿಂತ ಬೇಗ ಮುಗಿಸುತ್ತೆ. ನನಗೂ ಮೊದಮೊದಲು ಮೈ ಜುಂ ಅಂತಿತ್ತು. ಒಣ ಎಲೆ ಮೇಲಿಂದ ದಪ್ಪಗೆ ಮುಚ್ಚಿದರೆ ಕಣ್ಣಿಗೂ ಬೀಳಲ್ಲ. ಉಪ್ಪಿನಕಾಯಿ, ಎಣ್ಣೆ ಜಾಸ್ತಿ ಇದ್ದ ಪಲ್ಯ, ಎಲುಬು ಹಾಕಬೇಡಿ.

ಎರಡರಿಂದ ಮೂರು ತಿಂಗಳಿಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ. ಒಂದು ಡಬ್ಬಿ ತುಂಬಿದ ಮೇಲೆ ಎರಡನೆಯದು ಶುರು ಮಾಡಿ, ಅಷ್ಟರಲ್ಲಿ ಮೊದಲನೆಯದು ಆಗಿರುತ್ತೆ. ನಮ್ಮದು ಕೆಂಪು ಮಣ್ಣು, ನೀರು ಹಾಕಿದರೆ ಇಳಿದು ಹೋಗುತ್ತೆ. ನಿಮ್ಮದು ಎರಿ ಮಣ್ಣು, ಕುಂಡದಲ್ಲಿ ಬೇಸಿಗೆಗೆ ಬಿರಿಯುತ್ತೆ, ಮಳೆಗಾಲಕ್ಕೆ ಅಂಟಾಗುತ್ತೆ. ಎರಡಕ್ಕೂ ಈ ಗೊಬ್ಬರವೇ ಮದ್ದು. ಅತ್ತೆಯವರಿಗೆ ಒಂದು ಕುಂಡ ಮೆಂತ್ಯ ಪಲ್ಯ ಬೆಳೆಸಿಕೊಡಿ, ಆಮೇಲೆ ಡಬ್ಬಿ ಯಾರೂ ಎತ್ತಿ ಹೊರಗೆ ಹಾಕಲ್ಲ.

ಒಂದು ಕೇಳಿಕೊಳ್ಳೋದು. ಉಳಿದ ರೊಟ್ಟಿ ಆಕಳಿಗೆ ಹಾಕೋದು ನಮ್ಮಲ್ಲಿ ಪದ್ಧತಿ. ಹಾಕಿ, ಆದರೆ ಕವರಿನಲ್ಲಿ ಕಟ್ಟಿ ಇಡಬೇಡಿ. ಆಕಳಿಗೆ ಗಂಟು ಬಿಚ್ಚೋದಕ್ಕೆ ಬರಲ್ಲ. ಕವರ್ ಸಮೇತ ನುಂಗುತ್ತೆ, ಅದು ಮೊದಲ ಹೊಟ್ಟೆಯಲ್ಲೇ ಉಳಿದು ಗಂಟಾಗುತ್ತೆ, ಮೇವು ಇಳಿಯಲ್ಲ.

ಜೋಳದರೊಟ್ಟಿ

ಅಯ್ಯೋ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಬೂದು ಬಣ್ಣದ ದಪ್ಪ ಹುಳವೇ ಇತ್ತು, ಸುಮ್ನೆ ಹೆದರಿದೆವು.

ಇನ್ನೂ ಎರಡು ಕೇಳಬೇಕು. ಹಾಲಿನ ಪ್ಯಾಕೆಟ್ ಏನು ಮಾಡೋದು? ದಿನಾ ಅರ್ಧ ಲೀಟರಿನದು ಎರಡು. ಇನ್ನೊಂದು, ಮಗಳು ದೊಡ್ಡವಳಾಗಿದ್ದಾಳೆ. ಮನೆಯಲ್ಲಿ ಈಗ ಪ್ಯಾಡ್ ಬಳಸೋರು ಇಬ್ಬರು. ಅದನ್ನು ಆ ಚೀಲಕ್ಕೆ ಹಾಕಿರಲಿಲ್ಲ, ಲೆಕ್ಕಕ್ಕೂ ಹಿಡಿದಿಲ್ಲ. ಇದನ್ನು ಇಲ್ಲಿ ಕೇಳಬಹುದೋ ಇಲ್ಲವೋ.

ಶಹಾಬಾದಿಕಲ್ಲು

ಯಾಕೆ ಕೇಳಬಾರದು ಅಕ್ಕಾ, ಇದೂ ಮನೆ ಕಸವೇ.

ಹಾಲಿನದು ಮೊದಲು. ಎರಡು ಅರ್ಧ ಲೀಟರ್ ಬದಲು ಒಂದು ಲೀಟರಿನದು ಒಂದು ತಗೊಳ್ಳಿ. ಅಲ್ಲಿಗೇ 60 ಇದ್ದದ್ದು 30 ಆಯಿತು. ಮೂಲೆ ಕತ್ತರಿಸುವಾಗ ಪೂರ್ತಿ ತುಂಡು ಮಾಡಬೇಡಿ, ತುದಿ ಅಂಟಿಕೊಂಡೇ ಇರಲಿ. ಆ ಉಗುರಷ್ಟು ಚೂರನ್ನು ಯಾರೂ ಆರಿಸಲ್ಲ, ಮೋರಿಗೇ ಹೋಗೋದು. ಖಾಲಿ ಆದ ಕೂಡಲೇ ಒಂದು ಗುಟುಕು ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಚಹಾ ಪಾತ್ರೆಗೇ ಹಾಕಿ. ಆಮೇಲೆ ಒಳಗೂ ತೊಳೆದು ಬಟ್ಟೆ ಒಣಗಿಸೋ ಹಗ್ಗಕ್ಕೆ ಕ್ಲಿಪ್ ಹಾಕಿ. ನಮ್ಮ ಬಿಸಿಲಿಗೆ ಹತ್ತು ನಿಮಿಷ ಸಾಕು, ಬಿಸಿಲಿನದು ಇದೊಂದಾದರೂ ಉಪಕಾರ. ಈ ಪ್ಯಾಕೆಟ್ ಒಂದೇ ಜಾತಿ ಪ್ಲಾಸ್ಟಿಕ್, ಕರಗಿಸಿ ಮತ್ತೆ ಬಳಸೋಕೆ ಬರುತ್ತೆ. ಹಾಗಾಗಿ ರದ್ದಿಯವನು ಬೇಡ ಅನ್ನಲ್ಲ. ಹಾಲು ಹತ್ತಿ ನಾರುತ್ತಿದ್ದರೆ ಮಾತ್ರ ಮೂಗು ಮುರಿಯುತ್ತಾನೆ. ನೀರಿನ ಬಾಟಲಿ, ಮುರಿದ ಬಕೆಟ್, ಶಾಂಪೂ ಡಬ್ಬಿಯೂ ಹೋಗುತ್ತೆ. ಚಿಪ್ಸ್, ಬಿಸ್ಕತ್ತು ಕವರ್, ಶಾಂಪೂ ಪುಡಿಕೆ ಹೋಗಲ್ಲ. ಅದರೊಳಗೆ ಬೆಳ್ಳಗೆ ಹೊಳೆಯೋ ಪದರ ಇದೆಯಲ್ಲ, ಎರಡು ಮೂರು ಥರದ್ದು ಒಟ್ಟಿಗೆ ಅಂಟಿಸಿರುತ್ತಾರೆ, ಬಿಡಿಸೋಕೆ ಆಗಲ್ಲ. ಅದಕ್ಕೆ ತರೋದು ಕಡಿಮೆ ಮಾಡೋದೊಂದೇ ದಾರಿ. 22 ಪುಡಿಕೆ ಬದಲು ಒಂದು ದೊಡ್ಡ ಬಾಟಲಿ. ಕೆಲವರು ಇಂಥ ಕವರ್ ಎಲ್ಲ ನೀರಿನ ಬಾಟಲಿಗೆ ತುರುಕಿ ಇಟ್ಟಿಗೆ ಮಾಡಿ ಅಂತಾರೆ. ನನಗೆ ಅದು ಸರಿ ಅನ್ನಿಸಲ್ಲ, ಮಾರಬಹುದಾದ ಬಾಟಲಿಯನ್ನೂ ಕೆಡಿಸಿದ ಹಾಗೆ.

ಇನ್ನು ಪ್ಯಾಡ್. ಅಂಗಡಿ ಪ್ಯಾಡಿನ ಮೇಲಿನ ಹಾಳೆ, ಕೆಳಗಿನ ಹಾಳೆ ಎರಡೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ನಾನು ಮೂರು ವರ್ಷದಿಂದ ಮುಟ್ಟಿನ ಕಪ್ ಬಳಸುತ್ತಿದ್ದೇನೆ. ಸಿಲಿಕೋನಿನದು, ಚೆನ್ನಾಗಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತೆ. ಮೊದಲ ಎರಡು ತಿಂಗಳು ಕಷ್ಟ ಆಯಿತು, ಒಂದು ಸಲ ಆಫೀಸಲ್ಲಿ ಅಳು ಬಂದಿತ್ತು. ಮೂರನೇ ತಿಂಗಳಿಂದ ನೆನಪೇ ಇರಲ್ಲ. ಪ್ರತಿ ಸಲ ಮುಗಿದ ಮೇಲೆ ಬೇರೆ ಪಾತ್ರೆಯಲ್ಲಿ ಕುದಿಸಬೇಕು. ಮಗಳಿಗೆ ಅದು ಬೇಡ ಅನ್ನಿಸಿದರೆ ಬಟ್ಟೆ ಪ್ಯಾಡ್ ಇದೆ. ತಣ್ಣೀರಲ್ಲಿ ನೆನೆಸಿ, ತೊಳೆದು, ಬಿಸಿಲಲ್ಲಿ ಒಣಗಿಸಬೇಕು. ನಾಚಿಕೆಗೆ ಮಂಚದ ಕೆಳಗೆ ಒಣಹಾಕೋದು ಬೇಡ, ತುರಿಕೆ ಬರುತ್ತೆ. ಶಾಲೆ ದಿನ ಅಂಗಡಿ ಪ್ಯಾಡ್, ಮನೆಯಲ್ಲಿ ಇದ್ದಾಗ ಬಟ್ಟೆ ಅಂದರೂ ಅರ್ಧ ಉಳಿಯಿತು. ಎಸೆಯೋದಾದರೆ ಪೇಪರಲ್ಲಿ ಸುತ್ತಿ ಕೆಂಪು ಪೆನ್ನಲ್ಲಿ ಒಂದು ಗುರುತು ಹಾಕಿ ಬೇರೆಯಾಗಿ ಕೊಡಿ. ಕಸ ಬೇರೆ ಮಾಡೋರು ಬರಿಗೈಯಲ್ಲಿ ಬಿಚ್ಚಿ ನೋಡುತ್ತಾರೆ, ಆ ಗುರುತು ಅವರಿಗೆ.

ಭೀಮಾತೀರ

ಮದುವೆ ಮಾತು ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಹೋದ ವರ್ಷ ಯಾದಗಿರಿಯಲ್ಲಿ ತಂಗಿ ಮದುವೆ ಮಾಡಿದೆವು, ಸುಮಾರು 600 ಜನ. ಪ್ಲಾಸ್ಟಿಕ್ ಬೇಡ ಅಂತ ನಾನೇ ಹಟ ಹಿಡಿದಿದ್ದೆ. ಕಾಕಾನವರು "ಮಂದಿ ಏನಂತಾರ" ಅಂದರು. ಆದರೂ ಬಿಡಲಿಲ್ಲ.

ಊಟಕ್ಕೆ ಮುತ್ತಲ ಎಲೆ ಪತ್ರೋಳಿ ತರಿಸಿದೆವು. ನೋಡಿ ತಗೊಳ್ಳಿ, ಈಗ ಎಲೆ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಟ್ಟೆಯೂ ಬರುತ್ತೆ, ಅದರಿಂದ ಏನು ಬಂತು? ಕಡ್ಡಿಯಿಂದ ಹೊಲಿದದ್ದೇ ಬೇಕು ಅಂತ ಹೇಳಿ ತರಿಸಿದೆವು. ಸಾರು ಸ್ವಲ್ಪ ಸೋರುತ್ತೆ, ಎರಡು ಎಲೆ ಸೇರಿಸಿ ಇಟ್ಟರೆ ಆಯಿತು. ಚಹಾಕ್ಕೆ ಪೇಪರ್ ಕಪ್ ಅಂದರು. ಅದರ ಒಳಗೂ ಪ್ಲಾಸ್ಟಿಕ್ ಪದರ ಇರುತ್ತೆ, ಇಲ್ಲ ಅಂದರೆ ಬಿಸಿ ಚಹಾ ನಿಲ್ಲೋದು ಹೇಗೆ? ಹಾಗಾಗಿ ಗಾಜಿನ ಕಪ್ಪು, ನೀರಿಗೆ ಸ್ಟೀಲ್ ಲೋಟ 400, ಎರಡೂ ಪೆಂಡಾಲಿನವರ ಹತ್ತಿರ ಬಾಡಿಗೆಗೆ ತಂದೆವು.

ಎಡವಿದ್ದು ಇಲ್ಲೇ. ಲೋಟ ಎಷ್ಟು ಅಂತ ಲೆಕ್ಕ ಹಾಕಿದೆವು, ತೊಳೆಯೋರು ಎಷ್ಟು ಜನ ಅಂತ ಹಾಕಲಿಲ್ಲ. ಇಬ್ಬರನ್ನು ಇಟ್ಟಿದ್ದೆವು. ಒಂದು ಗಂಟೆಗೆ ಎರಡನೇ ಪಂಕ್ತಿ ಕೂತಾಗ 400 ಲೋಟವೂ ಹಿತ್ತಲಲ್ಲಿ ಎಂಜಲಾಗಿ ಬಿದ್ದಿದ್ದವು, ಇಲ್ಲಿ ಬೀಗರು ನೀರು ನೀರು ಅಂತಿದ್ದಾರೆ. ಕೊನೆಗೆ ಅಳಿಯ ಓಡಿ ಹೋಗಿ ಹತ್ತು ಬಾಕ್ಸ್ ಬಾಟಲಿ ತಂದ. ಕಾಕಾ ಒಂದು ಮಾತೂ ಆಡಲಿಲ್ಲ, ನನ್ನ ಮುಖ ನೋಡಿದರು ಅಷ್ಟೇ. 600 ಜನಕ್ಕೆ ಲೋಟ ತೊಳೆಯೋದಕ್ಕೇ ಆರು ಜನ ಬೇಕು, ನೀರಿನ ಟ್ಯಾಂಕರ್ ಬೇರೆ. ಆದರೂ ಆ ಹತ್ತು ಬಾಕ್ಸ್ ಬಿಟ್ಟರೆ ಬೇರೆ ಬಾಟಲಿ ಬರಲಿಲ್ಲ. ಎಲೆ ಎಲ್ಲ ಹೊಲದ ತಿಪ್ಪೆಗೆ ಹಾಕಿದೆವು.

ಹಳೇಗುಲ್ಬರ್ಗ

ಇದು ಓದಿ ನಗು ಬಂತು, ನಮ್ಮಲ್ಲೂ ಹೀಗೇ ಆಗೋದು. ಸರಿ, ನಾನು ಎಲ್ಲ ವ್ಯರ್ಥ ಅಂದಿಲ್ಲ. ನನಗೆ ಜಾಸ್ತಿ ತ್ರಾಸು ಆಗೋದು ಸುಡೋದು. ಎದುರು ಮನೆಯವರು ದಿನಾ ಬೆಳಗ್ಗೆ ಅಂಗಳ ಗುಡಿಸಿ ಎಲೆ ಜೊತೆ ಕವರ್ ಎಲ್ಲ ಸೇರಿಸಿ ಬೆಂಕಿ ಹಚ್ಚುತ್ತಾರೆ. ಹೊಗೆ ಸೀದಾ ನಮ್ಮ ತಾಯಿ ಮಲಗೋ ಕೋಣೆಗೆ. ಹೇಳಿದರೆ "ಕಸ ಕರಗ್ತದಲ್ಲ" ಅಂತಾರೆ.

ಶಹಾಬಾದಿಕಲ್ಲು

ಅದು ಕರಗಲ್ಲ, ಎದೆಗೆ ಬರುತ್ತೆ. ಪಿವಿಸಿ, ಅಂದರೆ ಪೈಪು ಮಾಡೋ ಪ್ಲಾಸ್ಟಿಕ್, ಅಂಥದ್ದು ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಬರುತ್ತೆ. ಕಸ ಬಯಲಲ್ಲಿ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ. ದಂಡದ ಮಾತು ಎತ್ತಿದರೆ ಜಗಳ ಆಗುತ್ತೆ, ನನಗೆ ಗೊತ್ತು. ನಾನು ನಮ್ಮ ಪಕ್ಕದವರಿಗೆ "ಎಲೆ ನನಗೆ ಬೇಕು, ಗೊಬ್ಬರಕ್ಕೆ, ಚೀಲದಲ್ಲಿ ತುಂಬಿಡ್ರಿ" ಅಂದೆ. ಎಲೆ ಇಲ್ಲದಿದ್ದರೆ ಬೆಂಕಿ ಹಚ್ಚೋದಕ್ಕೆ ನೆಪ ಇರಲ್ಲ. ಬರೀ ಕವರ್ ಸುಡೋಕೆ ಅವರಿಗೂ ವಾಸನೆ.

ಜೋಳದರೊಟ್ಟಿ

ಐದು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಬಾಗಿಲ ಹಿಂದಿನ ಚೀಲ ತೆಗೆದಿರಲಿಲ್ಲ. ಈ ತಿಂಗಳೂ ಎಣಿಸಿದೆವು, ಈ ಸಲ ಫ್ಯಾನ್ ಮೊದಲೇ ಬಂದ್ ಮಾಡಿ. ಕ್ಯಾರಿಬ್ಯಾಗ್ 71 ಇದ್ದದ್ದು 19. ಹಾಲಿನ ಪ್ಯಾಕೆಟ್ 31, ಎಲ್ಲ ತೊಳೆದು ಒಣಗಿಸಿದ್ದು. ಶಾಂಪೂ ಪುಡಿಕೆ 2. ಬಿಸ್ಕತ್ತು ಚಿಪ್ಸ್ ಕವರ್ 40, ಅದು ಅಲ್ಲಾಡಿಲ್ಲ. ಮಕ್ಕಳಿಗೆ ಸಂಜೆ ಮಂಡಕ್ಕಿ ಸೂಸ್ಲಾ ಮಾಡಿಕೊಡುತ್ತೇನೆ ಅಂತ ಶುರು ಮಾಡಿದೆ, ನಾಲ್ಕು ದಿನ ನಡೆಯಿತು. ನನಗೇ ಆಫೀಸಿಂದ ಬಂದು ಸಾಕಾಗಿರುತ್ತೆ.

ನಮ್ಮ ಮನೆಯವರ ಸಮಸ್ಯೆ ಬಿಡಿಸಿದ್ದು ಅತ್ತೆ. ಹಳೇ ಇಳಕಲ್ ಸೀರೆ ಹರಿದು ಎರಡು ಚೀಲ ಹೊಲಿದರು, ಮಡಚಿದರೆ ಕರ್ಚೀಫಿನಷ್ಟು ಆಗುತ್ತೆ. ಒಂದನ್ನು ಬೈಕಿನ ಸೈಡ್ ಡಬ್ಬಿಯಲ್ಲಿಟ್ಟರು, ಇನ್ನೊಂದನ್ನು ಬೈಕ್ ಕೀಲಿ ನೇತುಹಾಕೋ ಮೊಳೆಗೇ ನೇತುಹಾಕಿದರು. ಕೀಲಿ ಬೇಕಂದರೆ ಚೀಲ ತೆಗೆಯಲೇಬೇಕು. ಆ 19ರಲ್ಲಿ 14 ಮೊದಲ ವಾರದ್ದೇ. ಗಂಜ್‌ಹುಡುಗ ಹೇಳಿದ ಹಾಗೆ ರೇಟು ಕೇಳೋದಕ್ಕಿಂತ ಮೊದಲು ಚೀಲ ತೆರೆಯೋದು ನಿಜಕ್ಕೂ ಕೆಲಸ ಮಾಡುತ್ತೆ. ಗೊಬ್ಬರದ ಡಬ್ಬಿ ಮೆಟ್ಟಿಲ ಕೆಳಗಿದೆ, ವಾಸನೆ ಇಲ್ಲ. ಕೆಳಗಿನ ಮನೆಯವರು ತಮ್ಮ ಶೇಂಗಾ ಸಿಪ್ಪೆನೂ ತಂದು ಹಾಕುತ್ತಿದ್ದಾರೆ.

ಸೋತಿದ್ದು ಹೋಟೆಲಿನಲ್ಲಿ. ಭಾನುವಾರ ಇಡ್ಲಿಗೆ ಮೂರು ಡಬ್ಬಿ ಒಯ್ದೆ. ಹುಡುಗ ನಗುತ್ತಾ ಇಸಕೊಂಡು ಒಳಗೆ ಹೋದ. ಮನೆಗೆ ಬಂದು ಮುಚ್ಚಳ ತೆಗೆದರೆ ಸಾಂಬಾರ್ ಕವರಿನಲ್ಲಿ ಕಟ್ಟಿ, ಆ ಕವರನ್ನು ನನ್ನ ಡಬ್ಬಿಯೊಳಗೆ ಇಟ್ಟಿದ್ದಾನೆ! ಸೋರಬಾರದು ಅಂತ ದಾರ ಬೇರೆ ಗಟ್ಟಿ ಸುತ್ತಿದ್ದಾನೆ. ಅತ್ತೆ ನಕ್ಕಿದ್ದೇ ನಕ್ಕಿದ್ದು.

ಗಂಜ್‌ಹುಡುಗ

ಅಕ್ಕಾ, ಅವನ ತಪ್ಪಿಲ್ಲ. ಭಾನುವಾರ ಗಿರಾಕಿ ಜಾಸ್ತಿ ಅಂತ ಸಾಂಬಾರ್, ಚಟ್ನಿ ಬೆಳಗ್ಗೆ ಆರಕ್ಕೇ ನೂರಾರು ಕವರ್ ಕಟ್ಟಿ ಟಬ್‌ನಲ್ಲಿ ಇಟ್ಟುಕೊಂಡಿರುತ್ತಾರೆ. ಪಾರ್ಸಲ್ ಅಂದರೆ ಅದರಿಂದಲೇ ಎತ್ತಿ ಕೊಡೋದು. ನೀವು ಡಬ್ಬಿಯನ್ನು ಪಾರ್ಸಲ್ ಹುಡುಗನಿಗೆ ಕೊಡಬೇಡಿ, ಟೇಬಲ್ಲಿಗೆ ಬಕೆಟ್ಟಿಂದ ಸಾಂಬಾರ್ ಬಡಿಸುತ್ತಾ ಅಡ್ಡಾಡೋ ಹುಡುಗನ ಮುಂದೆ ಹಿಡಿಯಿರಿ. ನಮ್ಮ ಅಪ್ಪ ಹಾಗೇ ಮಾಡೋದು. ಎರಡು ಸೌಟು ಜಾಸ್ತಿನೂ ಬೀಳುತ್ತೆ.